ಗುಂಡು ಬಡಿದ ಮೇಲೆ ಎಲ್ಲಿಗೆ ಹೋಗುತ್ತದೆ?

(ಶಿರಸಿಯಲ್ಲಿ ರೈಫಲ್ ಶೂಟಿಂಗ್ ಕಲಿಯುವವರು, ಎನ್‌ಸಿಸಿ ತರಬೇತಿ ಕೊಡುವವರು ಮತ್ತು ಬೆಳೆ ರಕ್ಷಣೆಗೆ ಕೋವಿ ಇಟ್ಟುಕೊಂಡ ಕೃಷಿಕರ ಮುಂದೆ ಆಡಿದ ಮಾತಿನ ಬರಹ ರೂಪ)

ಉಕ್ಕಿನ ಟಾರ್ಗೆಟ್ ಬೇಕು ಅಂತ ನನ್ನ ವರ್ಕ್‌ಶಾಪಿಗೆ ಬರುವವರು ಮೊದಲು ಕೇಳುವುದು, "ಎಷ್ಟು ದಪ್ಪದ ಪ್ಲೇಟ್ ಹಾಕೋಣ?" ಆಮೇಲೆ ರೇಟು. ಗುಂಡು ತೂತು ಮಾಡಿ ಆಚೆ ಹೋಗಬಾರದು, ಅಷ್ಟಾದರೆ ಸಾಕು ಅನ್ನುವುದು ಅವರ ಲೆಕ್ಕ. ನಾನು ತಿರುಗಿ ಕೇಳುತ್ತೇನೆ: ಆಚೆ ಹೋಗಲಿಲ್ಲ, ಸರಿ, ಹಾಗಾದರೆ ಎಲ್ಲಿಗೆ ಹೋಯಿತು? ಒಂಬತ್ತು ಗ್ರಾಂ ಸೀಸ ಮತ್ತು ತಾಮ್ರ, ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಬಂದು ಬಡಿದಿದೆ. ಅದು ಮಾಯವಾಗುವುದಿಲ್ಲ. ಯಾವ ಪ್ಲೇಟ್ ತರಬೇಕು, ಹೇಗೆ ಕತ್ತರಿಸಬೇಕು, ಹೇಗೆ ತೂಗು ಹಾಕಬೇಕು, ಎಷ್ಟು ದೂರ ನಿಲ್ಲಬೇಕು, ಇದಕ್ಕೆಲ್ಲ ಉತ್ತರ ಆ ಪ್ರಶ್ನೆಯಿಂದಲೇ ಹುಟ್ಟುತ್ತದೆ.

ಅದಕ್ಕೂ ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಬೆಳೆ ರಕ್ಷಣೆಗೆ ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ಸೊಪ್ಪಿನ ಬೆಟ್ಟದಲ್ಲಿ ಪ್ಲೇಟ್ ಕಟ್ಟಿ ಢಂ ಅನ್ನಿಸಬಹುದು ಅಂತ ಅಲ್ಲ. ರೈಫಲ್ ಅಭ್ಯಾಸಕ್ಕೆ ಜಾಗ ಪರವಾನಗಿ ಇರುವ ಶೂಟಿಂಗ್ ರೇಂಜ್. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂತು. ಬೇಜವಾಬ್ದಾರಿಯಿಂದ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಯಾರಿಗೂ ತಾಗಬೇಕು ಅಂತಲೂ ಇಲ್ಲ. ಚುನಾವಣೆ ಬಂತು ಅಂದರೆ ಕೋವಿ ಠಾಣೆಗೆ ಒಪ್ಪಿಸಬೇಕು ಅನ್ನುವ ತಲೆಬಿಸಿ ನಿಮಗೆ ಹೊಸದಲ್ಲ. ಮಂಗ, ಹಂದಿಗೆ ನೀತಿಸಂಹಿತೆ ಗೊತ್ತಿಲ್ಲ, ಅದು ಬೇರೆ ಮಾತು. ಆ ಜಗಳ ಇನ್ನೊಂದು ದಿನ ಆಡೋಣ.

ಈಗ ಗುಂಡಿನ ವಿಷಯಕ್ಕೆ ಬರೋಣ. ತೋಟಕ್ಕೆ ನೀರು ಬಿಡುವ ಪೈಪು ಹಿಡಿದು, ಜೋರು ನೀರನ್ನು ನುಣ್ಣಗಿನ ಗೋಡೆಗೆ ಬಿಟ್ಟು ನೋಡಿ. ನೀರು ಗೋಡೆಗುಂಟ ನಾಲ್ಕೂ ಕಡೆ ಹರಡಿ ಚಿಮ್ಮುತ್ತದೆ. ನಿಮ್ಮ ಕಡೆ ಬರುವುದು ಕಡಿಮೆ. ಅದೇ ನೀರನ್ನು ಒಂದು ಬೋಗುಣಿಯ ಒಳಗೆ ಬಿಡಿ. ಪೂರ್ತಿ ತಿರುಗಿ ನಿಮ್ಮ ಮುಖಕ್ಕೇ ಬರುತ್ತದೆ. ರೈಫಲ್ ಗುಂಡು ಗಟ್ಟಿ ಉಕ್ಕಿಗೆ ಬಡಿದಾಗ ಸೀಸ ಹೆಚ್ಚುಕಡಿಮೆ ನೀರಿನ ಹಾಗೇ ನಡೆದುಕೊಳ್ಳುತ್ತದೆ. ಆ ವೇಗದಲ್ಲಿ ಅದು ಚಪ್ಪಟೆಯಾಗಿ ಪುಡಿಪುಡಿಯಾಗುತ್ತದೆ. ಪ್ಲೇಟಿನ ಮುಖ ಸಪಾಟಾಗಿದ್ದರೆ ಆ ಪುಡಿ ಮುಖಕ್ಕೆ ಸುಮಾರು 20 ಡಿಗ್ರಿ ಒಳಗೆ, ಅಂದರೆ ಪ್ಲೇಟನ್ನು ಸವರಿಕೊಂಡ ಹಾಗೆ, ಸುತ್ತ ಚಿಮ್ಮುತ್ತದೆ. ಮುಖದಲ್ಲಿ ಕುಳಿ ಇದ್ದರೆ ಅದು ಬೋಗುಣಿ. ಅಲ್ಲಿಗೆ ಬಿದ್ದ ಗುಂಡಿನ ಚೂರು ಬಂದ ದಾರಿಯಲ್ಲೇ ವಾಪಸ್ ಬರುತ್ತದೆ.

ಹಾಗಾಗಿ ಪ್ಲೇಟ್ ಆರಿಸುವಾಗ ನಾವು ನೋಡಬೇಕಾದ ಗುಣ ಯಾವುದು? ಗುಂಡು ಬಡಿದರೂ ಮುಖದ ಮೇಲೆ ಕುಳಿ ಬೀಳಬಾರದು. ಅದಕ್ಕೆ ಬೇಕಾದದ್ದು ಗಡಸುತನ. ದಪ್ಪದ ಮಾತು ಅದರ ನಂತರ.

ನಮ್ಮ ಗೇಟು, ಗ್ರಿಲ್ಲು, ಶೆಡ್ಡಿಗೆಲ್ಲ ಬಳಸುವ ಉಕ್ಕು ಮೈಲ್ಡ್ ಸ್ಟೀಲ್. ಭಾರತೀಯ ಮಾನಕದಲ್ಲಿ ಅದರ ಹೆಸರು ಐಎಸ್ 2062. ಗಡಸುತನ ಅಳೆಯುವ ಬ್ರಿನೆಲ್ ಮಾಪನದಲ್ಲಿ ಅದು ಸುಮಾರು 120ರಿಂದ 160. ಇದರ 20 ಮಿಲಿಮೀಟರ್ ದಪ್ಪದ ತುಂಡು ಸಿಕ್ಕಿದರೆ ಜನ ಖುಷಿಯಾಗುತ್ತಾರೆ. ಎತ್ತುವುದಕ್ಕೆ ಇಬ್ಬರು ಬೇಕು, ನೋಡುವುದಕ್ಕೆ ಬಲವಾಗಿದೆ. ಆದರೆ ವೇಗದ ರೈಫಲ್ ಗುಂಡು ಬಿದ್ದ ಕಡೆಯೆಲ್ಲ ಅದರಲ್ಲಿ ಕುಳಿ ಬೀಳುತ್ತದೆ, ಕುಳಿಯ ಸುತ್ತ ಏಳುವ ಅಂಚು ಬ್ಲೇಡಿನ ಹಾಗೆ ಇರುತ್ತದೆ. ಗುಂಡು ಆಚೆ ಹೋಗಲಿಲ್ಲ ಅಂತ ನೀವು ಸಮಾಧಾನ ಮಾಡಿಕೊಂಡಿರುತ್ತೀರಿ, ಮುಂದಿನ ಗುಂಡಿಗೆ ಅಲ್ಲಿ ಬೋಗುಣಿ ತಯಾರಾಗಿರುತ್ತದೆ. ದಪ್ಪ ಜಾಸ್ತಿ ಆದಷ್ಟೂ ಇಂಥ ಪ್ಲೇಟ್ ಹೆಚ್ಚು ದಿನ ನಿಲ್ಲುತ್ತದೆ, ಅಂದರೆ ಹೆಚ್ಚು ದಿನ ಅಪಾಯ ಮಾಡುತ್ತದೆ.

ಶೂಟಿಂಗ್ ಟಾರ್ಗೆಟ್‌ಗೆ ಪ್ರಪಂಚದಲ್ಲೆಲ್ಲ ಬಳಸುವುದು ಎಆರ್500 ಅನ್ನುವ ವರ್ಗದ ಉಕ್ಕು. ಎಆರ್ ಅಂದರೆ ಸವೆತ ತಡೆಯುವುದು, 500 ಅಂದರೆ ಬ್ರಿನೆಲ್ ಗಡಸುತನ ಹೆಚ್ಚುಕಡಿಮೆ ಅಷ್ಟು. ಮೈಲ್ಡ್ ಸ್ಟೀಲಿನ ಮೂರು ಪಟ್ಟು, ಅದಕ್ಕೂ ಜಾಸ್ತಿ. ನಮ್ಮಲ್ಲಿ ಇದೇ ಗಡಸುತನದ್ದು ಹಾರ್ಡಾಕ್ಸ್ 500 ಅನ್ನುವ ಹೆಸರಲ್ಲಿ ಸಿಗುತ್ತದೆ, ಸ್ವೀಡನ್ ಮೂಲದ ಕಂಪನಿಯದ್ದು. ಇದನ್ನು ಯಾರೂ ಶೂಟಿಂಗಿಗೆ ಅಂತ ತಯಾರಿಸಿದ್ದಲ್ಲ. ಗಣಿಯ ಡಂಪರ್ ತೊಟ್ಟಿ, ಅದಿರು ಜಾರುವ ದೋಣಿ, ಜೆಲ್ಲಿ ಕ್ರಷರಿನ ಒಳಮೈ, ಇಂಥ ಕಡೆ ಕಲ್ಲು ಉಜ್ಜಿ ಉಜ್ಜಿ ಸವೆಯದಿರಲಿ ಅಂತ ಒಳಗೆ ಹೊದಿಸುತ್ತಾರೆ. ಅಂಕೋಲಾ–ಯಲ್ಲಾಪುರ ರಸ್ತೆಯಲ್ಲಿ ಅದಿರಿನ ಲಾರಿ ಸಾಲುಗಟ್ಟಿ ಬೇಲೆಕೇರಿ ಬಂದರಿಗೆ ಇಳಿಯುತ್ತಿದ್ದ ಕಾಲ ನಿಮಗೆಲ್ಲ ನೆನಪಿರಬೇಕು. ಆ ಲಾರಿಗಳದ್ದು ಸಾಮಾನ್ಯ ತೊಟ್ಟಿ. ಆದರೆ ಅದರ ಹಿಂದೆ, ಸಂಡೂರು–ಹೊಸಪೇಟೆ ಗಣಿಗಳಲ್ಲಿ ಅದಿರು ತುಂಬುವ ಯಂತ್ರಗಳ ಒಳಗೆ ಇಂಥ ಪ್ಲೇಟ್ ಇರುತ್ತಿತ್ತು. ಇವತ್ತಿಗೂ ನಮಗೆ ಹತ್ತಿರದ ದಾರಿ ಹುಬ್ಬಳ್ಳಿ ಅಥವಾ ಬೆಳಗಾವಿ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಗಣಿ, ಸಿಮೆಂಟು, ಸಕ್ಕರೆ ಕಾರ್ಖಾನೆಗಳಿಗೆ ಕೆಲಸ ಮಾಡುವ ವರ್ಕ್‌ಶಾಪುಗಳನ್ನು ವಿಚಾರಿಸಿ. ದೊಡ್ಡ ಕೆಲಸ ಮುಗಿದ ಮೇಲೆ ಉಳಿದ ತುಂಡುಗಳು ಅವರಲ್ಲಿ ಇರುತ್ತವೆ, ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ.

ತರುವಾಗ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಉಕ್ಕು ಯಾವ ಹೀಟಿನದ್ದು, ಅಂದರೆ ಯಾವ ಸಲ ಕರಗಿಸಿದ ಕಂತಿನದ್ದು, ಗಡಸುತನ ಎಷ್ಟು ಅಂತ ಅದರಲ್ಲಿ ಬರೆದಿರುತ್ತದೆ. ತುಂಡಿನ ಮೇಲೆ ಕೊರೆದ ಹೀಟ್ ನಂಬರು ಕಾಗದದ ನಂಬರಿಗೆ ಹೊಂದಬೇಕು. ಕಾಗದ ಇಲ್ಲದಿದ್ದರೆ ಕೈಯಲ್ಲಿ ಹಿಡಿಯುವ ಗಡಸುತನ ಅಳೆಯುವ ಯಂತ್ರ ಇರುವ ವರ್ಕ್‌ಶಾಪಿನಲ್ಲಿ ಅಳೆಸಿ. ಅದೂ ಇಲ್ಲವಾ? ಒಂದು ಸೆಂಟರ್ ಪಂಚ್ ಇಟ್ಟು ಸುತ್ತಿಗೆಯಿಂದ ಒಂದೇ ಜೋರಲ್ಲಿ ಮೈಲ್ಡ್ ಸ್ಟೀಲಿಗೂ ಇದಕ್ಕೂ ಹೊಡೆದು ನೋಡಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಸಾಮಾನ್ಯ ಡ್ರಿಲ್ ಬಿಟ್ ಇದರ ಮೇಲೆ ಕೀರಲು ಶಬ್ದ ಮಾಡುತ್ತ ಸುಮ್ನೆ ತಿರುಗುತ್ತದೆ. ಇದು ಅಂದಾಜು ಮಾತ್ರ, ಸರ್ಟಿಫಿಕೇಟಿಗೆ ಸಮ ಅಲ್ಲ.

ಗುಜರಿಯ ವಿಷಯ ಬಂದೇ ಬರುತ್ತದೆ. "ಜೆಸಿಬಿ ಬಕೆಟಿನ ಬ್ಲೇಡ್ ಇದೆ, ಆಗಲ್ವಾ?" ಅದು ಗಟ್ಟಿ ಉಕ್ಕೇ, ಆದರೆ ಸವೆದು ಗೀರು ಬಿದ್ದಿರುತ್ತದೆ, ಎಷ್ಟು ಗಟ್ಟಿ ಅಂತ ಯಾರಿಗೂ ಗೊತ್ತಿಲ್ಲ. ಲಾರಿಯ ಲೀಫ್ ಸ್ಪ್ರಿಂಗ್ ಬಾಗಿರುತ್ತದೆ. ಜಿಮ್ಮಿನ ತೂಕ, ಮ್ಯಾನ್‌ಹೋಲ್ ಮುಚ್ಚಳ ಎರಕದ ಕಬ್ಬಿಣ, ಗುಂಡು ಬಿದ್ದರೆ ಗಾಜಿನ ಹಾಗೆ ಒಡೆಯುತ್ತದೆ. ಹಳೆ ಗ್ಯಾಸ್ ಸಿಲಿಂಡರ್ ಗಂಟೆಯ ಹಾಗೆ ಸದ್ದು ಮಾಡುತ್ತದೆ ಅಂತ ಆಸೆ ಪಡುವವರಿದ್ದಾರೆ. ಅದರೊಳಗೆ ಏನು ಉಳಿದಿದೆ ಅಂತ ನೋಡಿದವರು ಯಾರು? ಎಲ್ಲಕ್ಕಿಂತ ಕೆಟ್ಟದ್ದು ಟ್ರ್ಯಾಕ್ಟರ್ ನೇಗಿಲಿನ ಡಿಸ್ಕ್. ದುಂಡಗಿದೆ, ಮಧ್ಯದಲ್ಲಿ ತೂತು ಇದೆ, ತೂಗು ಹಾಕುವುದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅದರ ಆಕಾರ ನೆನಪಿಸಿಕೊಳ್ಳಿ. ಕಾರ್ಖಾನೆಯಿಂದಲೇ ಬೋಗುಣಿಯಾಗಿ ಬಂದದ್ದು.

ದಪ್ಪದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 500 ಗಡಸುತನದ ಪ್ಲೇಟ್ ಆದರೆ .22 ಬೋರಿನ (ಈ ಅಳತೆ ಅಂಗುಲದಲ್ಲಿ) ಸಣ್ಣ ಗುಂಡಿಗೆ 6 ಮಿ.ಮೀ. ಸಾಕು. ಸಾಮಾನ್ಯ ರೈಫಲ್‌ಗಳಿಗೆ 10 ಮಿ.ಮೀ. ಭಾರಿ ಮ್ಯಾಗ್ನಮ್ ಗುಂಡುಗಳಿಗೆ 12 ಮಿ.ಮೀ. 10 ಮಿ.ಮೀ. ದಪ್ಪದ, 30 ಸೆಂಟಿಮೀಟರ್ ಚೌಕದ ಪ್ಲೇಟ್ ಸುಮಾರು ಏಳು ಕಿಲೋ ತೂಗುತ್ತದೆ. ಒಬ್ಬರು ಹೊತ್ತುಕೊಂಡು ಹೋಗಿ ಕಟ್ಟಬಹುದು.

ಇಲ್ಲಿ ಒಂದು ವಿಚಿತ್ರ ಇದೆ. ಪ್ಲೇಟ್ ಹಾಳು ಮಾಡುವುದು ದೊಡ್ಡ ಗುಂಡು ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ, ವೇಗದ ಗುಂಡು. ಎಆರ್500ಕ್ಕೆ ಸೆಕೆಂಡಿಗೆ 3000 ಅಡಿ, ಅಂದರೆ ಸುಮಾರು 914 ಮೀಟರ್, ಒಂದು ಗೆರೆ ಅಂತ ಇಟ್ಟುಕೊಳ್ಳಿ. ಅದಕ್ಕಿಂತ ವೇಗವಾಗಿ ಬಡಿದರೆ ಅದರಲ್ಲೂ ಕುಳಿ ಬೀಳುತ್ತದೆ. .223 ವರ್ಗದ ಗುಂಡು ನಾಲ್ಕು ಗ್ರಾಮಿಗೂ ಕಡಿಮೆ, ಆದರೆ ನಳಿಕೆ ಬಿಡುವಾಗ 900ರಿಂದ 1000 ಮೀಟರ್ ವೇಗ. ನಮ್ಮ ದೇಶದ .315 ಸ್ಪೋರ್ಟಿಂಗ್ ರೈಫಲ್‌ನ ಗುಂಡು ಅದಕ್ಕಿಂತ ಎಷ್ಟೋ ಭಾರ, ಎಷ್ಟೋ ನಿಧಾನ. ಹತ್ತಿರದಿಂದ ಹೊಡೆದರೆ ಪ್ಲೇಟ್ ಕೆಡಿಸುವುದು ಆ ಸಣ್ಣದು. ಅಂದಹಾಗೆ, ಈ .315 ಅನ್ನುವ ಅಳತೆ ನಮ್ಮಲ್ಲಿ ಇಷ್ಟು ಬಳಕೆಗೆ ಬರಲು ಕಾರಣ ಸೇನೆಯ ಅಳತೆಯ ರೈಫಲ್ ನಾಗರಿಕರಿಗೆ ಸಿಗದೇ ಇರುವುದು. .303 ಬೋರ್ ಮುಚ್ಚಿದ ಬಾಗಿಲು, ಹಾಗಾಗಿ ಪಕ್ಕದ ಬಾಗಿಲು.

ಇನ್ನು ಕತ್ತರಿಸುವುದು. ಇದು ನನ್ನ ಕಸುಬು, ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಸಹಿಸಿಕೊಳ್ಳಿ.

ಕತ್ತಿ ಮಾಡುವ ಆಚಾರಿಯ ಕುಲುಮೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ಬಾಯಿ ಗಡಸಾಗುತ್ತದೆ. ಅದೇ ಕತ್ತಿಯನ್ನು ಆಮೇಲೆ ಒಲೆಯಲ್ಲಿ ಬಿಟ್ಟರೆ ಹದ ಹೋಯಿತು, ಮತ್ತೆ ಬಾಯಿ ನಿಲ್ಲುವುದಿಲ್ಲ. ಎಆರ್500 ಕೂಡ ಕಾರ್ಖಾನೆಯಲ್ಲಿ ಕಾಯಿಸಿ, ಥಟ್ಟನೆ ತಣಿಸಿ ಗಡಸು ಮಾಡಿದ ಉಕ್ಕು. ಸುಮಾರು 250 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯಿಸಿದರೆ ಗಡಸು ಇಳಿಯತೊಡಗುತ್ತದೆ. ಗ್ಯಾಸ್ ಕಟ್ಟರ್ ಹಿಡಿದು ದುಂಡಗೆ ಕತ್ತರಿಸಿದರೆ ಅಂಚಿನ ಉದ್ದಕ್ಕೂ ಒಂದು ಪಟ್ಟಿಯಷ್ಟು ಜಾಗ ಮೆತ್ತಗಾಗುತ್ತದೆ. ನೋಡುವುದಕ್ಕೆ ವ್ಯತ್ಯಾಸ ಇಲ್ಲ. ಗುಂಡು ಬಿದ್ದಾಗ ಅಲ್ಲಿ ಕುಳಿ. ವಾಟರ್‌ಜೆಟ್‌ನಲ್ಲಿ ಕಾವೇ ಇಲ್ಲ, ಅದು ಎಲ್ಲಕ್ಕಿಂತ ಒಳ್ಳೆಯದು. ಲೇಸರ್ ಆದರೂ ಪರವಾಗಿಲ್ಲ, ಮೆತ್ತಗಾಗುವ ಅಂಚು ತೀರಾ ಕಿರಿದು. ಪ್ಲಾಸ್ಮಾ ಅದಕ್ಕಿಂತ ಕೆಳಗೆ. ಹುಬ್ಬಳ್ಳಿಯಲ್ಲಿ ಲೇಸರ್ ಸುಲಭವಾಗಿ ಸಿಗುತ್ತದೆ. ನೇತು ಹಾಕುವ ತೂತುಗಳನ್ನೂ ಅಲ್ಲೇ ಹೊಡೆಸಿಕೊಂಡು ಬನ್ನಿ. ಊರಿಗೆ ತಂದು ತೂತು ಮಾಡುತ್ತೇನೆ ಅಂದವರು ಕೊನೆಗೆ ಗ್ಯಾಸ್ ಹಿಡಿಯುತ್ತಾರೆ.

ವೆಲ್ಡಿಂಗ್ ಬೇಡವೇ ಬೇಡ. ಪ್ಲೇಟಿನ ಹಿಂದೆ ಒಂದು ಕೊಕ್ಕೆ ವೆಲ್ಡ್ ಮಾಡಿ ಕೊಡಿ ಅಂತ ಕೇಳುತ್ತಾರೆ. ಹಿಂದೆ ವೆಲ್ಡ್ ಮಾಡಿದರೆ ಕಾವು ಮುಂದಕ್ಕೂ ಬರುತ್ತದೆ, 10 ಮಿ.ಮೀ. ಎಷ್ಟರ ದೂರ? ಸರಿಯಾಗಿ ಆ ಜಾಗದ ಮುಂಭಾಗ ಮೆತ್ತಗಾಗುತ್ತದೆ. ನಾನು ವೆಲ್ಡಿಂಗ್ ಮಾಡಿ ಹೊಟ್ಟೆ ಹೊರೆಯುವವನು, ಆದರೂ ಈ ಕೆಲಸಕ್ಕೆ ಒಲ್ಲೆ ಅನ್ನುತ್ತೇನೆ.

ಕಾರವಾರ, ಕುಮಟಾ, ಹೊನ್ನಾವರದ ಕಡೆಯಿಂದ ಬಂದವರಿಗೆ ಇನ್ನೊಂದು ಎಚ್ಚರಿಕೆ. ಕಡಲ ಬದಿಯಲ್ಲಿ ಏನೇ ಮಾಡಿಸಿದರೂ "ಗ್ಯಾಲ್ವನೈಸ್ ಮಾಡಿಸಿಬಿಡಿ" ಅನ್ನುವುದು ರೂಢಿ. ಉಪ್ಪುಗಾಳಿಗೆ ಅದು ಸರಿಯಾದ ಮಾತೇ. ಆದರೆ ಟಾರ್ಗೆಟ್ ಪ್ಲೇಟಿಗೆ ಮಾಡಿಸಬೇಡಿ. ಕರಗಿದ ಸತುವಿನ ತೊಟ್ಟಿ ಸುಮಾರು 450 ಡಿಗ್ರಿ ಇರುತ್ತದೆ. ಅದರಲ್ಲಿ ಮುಳುಗಿಸಿದರೆ ಪ್ಲೇಟಿನ ಹದ ಪೂರ್ತಿ ಹೋಗುತ್ತದೆ. ನೀವು ಎಆರ್500ರ ದುಡ್ಡು ಕೊಟ್ಟು, ಕೊನೆಗೆ ಹೊಳೆಯುವ ಮೆತ್ತನೆ ಪ್ಲೇಟ್ ಮನೆಗೆ ತಂದ ಹಾಗೆ. ಚೌಕಟ್ಟು, ಚೈನು, ಬೋಲ್ಟಿಗೆ ಗ್ಯಾಲ್ವನೈಸ್ ಮಾಡಿದ್ದೇ ತನ್ನಿ. ಪ್ಲೇಟ್ ಮಾತ್ರ ಹಾಗೇ ಇರಲಿ, ಸ್ಪ್ರೇ ಪೇಂಟ್ ಸಾಕು. ಇದು ಸ್ಟೇನ್‌ಲೆಸ್ ಅಲ್ಲ, ತುಕ್ಕು ಹಿಡಿಯುತ್ತದೆ. ಮೇಲಿನ ತೆಳು ತುಕ್ಕಿನಿಂದ ಏನೂ ಆಗುವುದಿಲ್ಲ. ಮಳೆಗಾಲಕ್ಕೆ ಬಿಚ್ಚಿ, ಎಣ್ಣೆ ಸವರಿ, ಒಳಗಿಡಿ. ಹೊರಗೆ ಬಿಟ್ಟರೆ ಮೊದಲು ಕೈಕೊಡುವುದು ಚೈನಿನ ಕೊಂಡಿ. ದಸರಾ ಹೊತ್ತಿಗೆ ಮತ್ತೆ ಕಟ್ಟುವಾಗ ಒಂದೊಂದು ಕೊಂಡಿಯನ್ನೂ ನೋಡಿ.

ತೂಗು ಹಾಕುವುದಕ್ಕೆ ಬರೋಣ. ಪ್ಲೇಟ್ ನೆಟ್ಟಗೆ ನಿಂತರೆ ಚೂರುಗಳು ಸುತ್ತಲೂ ಹೋಗುತ್ತವೆ ಅಂದೆ. ಮೇಲಕ್ಕೂ, ಪಕ್ಕಕ್ಕೂ. ಪ್ಲೇಟಿನ ತಲೆಯನ್ನು ಶೂಟರ್ ಕಡೆಗೆ 15ರಿಂದ 20 ಡಿಗ್ರಿ ಬಾಗಿಸಿದರೆ ಮುಖ ನೆಲ ನೋಡುತ್ತದೆ, ಹೆಚ್ಚಿನ ಚೂರು ನೆಲಕ್ಕೆ ಇಳಿಯುತ್ತದೆ. ಇದಕ್ಕೆ ದೊಡ್ಡ ಸಲಕರಣೆ ಏನೂ ಬೇಡ. ಮುಂದಿನಿಂದ ದುಂಡು ತಲೆಯ ಬೋಲ್ಟ್ ತೂರಿಸಿ, ಹಿಂದೆ ಒಂದಿಷ್ಟು ಉದ್ದ ಬಿಟ್ಟು, ಆ ತುದಿಗೆ ಚೈನು ಕಟ್ಟಿ. ಹಿಡಿದ ಜಾಗ ಪ್ಲೇಟಿನಿಂದ ಹಿಂದೆ ಇರುವುದರಿಂದ ಭಾರಕ್ಕೆ ತಲೆ ತಾನೇ ಮುಂದಕ್ಕೆ ಬಾಗುತ್ತದೆ. ಬಾಗು ಸಾಲದಿದ್ದರೆ ಬೋಲ್ಟ್ ಇನ್ನೂ ಉದ್ದ ಮಾಡಿ. ಎರಡು ತೂತಿನಲ್ಲಿ ಎರಡು ಬೋಲ್ಟ್. ಒಂದರಲ್ಲೇ ನೇತು ಹಾಕಿದರೆ ಬಡಿದಾಗ ಗಿರ್ರನೆ ತಿರುಗಿ ಅಂಚು ತೋರಿಸುತ್ತದೆ, ಅಂಚಿಗೆ ಬಿದ್ದ ಗುಂಡು ಎಲ್ಲಿಗೆ ಹೋಗುತ್ತದೆ ಅಂತ ದೇವರಿಗೇ ಗೊತ್ತು. ಪ್ಲೇಟ್ ಸ್ವಲ್ಪ ಓಲಾಡುವ ಹಾಗಿರಬೇಕು. ಬಿಗಿಯಾಗಿ ಕಟ್ಟಿದರೆ ಪೆಟ್ಟೆಲ್ಲ ಬೋಲ್ಟಿನ ಮೇಲೆ.

ಚೈನಿಗಿಂತ ನನಗೆ ಇಷ್ಟ ರಬ್ಬರ್ ಪಟ್ಟಿ. ಹಳೆ ಕನ್ವೇಯರ್ ಬೆಲ್ಟ್ ಕತ್ತರಿಸಿದ್ದು. ಗುಂಡು ತಾಗಿದರೆ ತೂತು ಬೀಳುತ್ತದೆ, ಅಷ್ಟೆ. ಚೈನಿಗೆ ತಾಗಿದರೆ ಕೊಂಡಿಯೇ ಚೂರಾಗಿ ಹಾರುತ್ತದೆ. ಕಂಬಕ್ಕೆ ಕಬ್ಬಿಣದ ಆ್ಯಂಗಲ್ ಯಾಕೆ? ಈ ಜಿಲ್ಲೆಯಲ್ಲಿ ಅಕೇಶಿಯಾಕ್ಕೆ ಬರವಾ? ಎರಡು ಅಕೇಶಿಯಾ ಕಂಬ, ಮೇಲೊಂದು ಅಡ್ಡ ಕಂಬ. ತಪ್ಪಿದ ಗುಂಡನ್ನು ಮರ ನುಂಗುತ್ತದೆ. ಪುಡಿಯಾದರೆ ಬದಲಿಸಿ. ಸಪಾಟು ಪ್ಲೇಟ್ ಮತ್ತು ಬೋಲ್ಟಿನ ಆ ದುಂಡು ತಲೆ ಬಿಟ್ಟರೆ ಶೂಟರ್ ಕಣ್ಣಿಗೆ ಬೇರೆ ಯಾವ ಕಬ್ಬಿಣವೂ ಕಾಣಬಾರದು. ನಟ್, ಕೊಕ್ಕೆ, ಯು-ಕ್ಲ್ಯಾಂಪ್, ಎಲ್ಲ ಹಿಂದೆ.

ತಪ್ಪಿದ ಗುಂಡು ತಡೆಯಲು ಪ್ಲೇಟಿನ ಹಿಂದೆ ಬೇಕಾದ ದಿಬ್ಬದ ಬಗ್ಗೆ ನಮ್ಮ ನೆಲದ್ದೇ ಒಂದು ತೊಂದರೆ ಇದೆ. ಮಲೆನಾಡಿನಲ್ಲಿ ಧರೆಗೆ, ಅಂದರೆ ಗೋಡೆಯ ಹಾಗೆ ನಿಂತ ಕಡಿದಾದ ನೆಲಕ್ಕೆ, ಕೊರತೆ ಇಲ್ಲ. ಎತ್ತರದ ಧರೆ ಸಿಕ್ಕಿದ ಕೂಡಲೇ ಇದೇ ಜಾಗ ಅನ್ನಿಸುತ್ತದೆ. ಆದರೆ ಧರೆ ಅಂದರೆ ಎಷ್ಟೋ ಕಡೆ ಚೀರೆಕಲ್ಲು (ಜಂಬಿಟ್ಟಿಗೆ), ನಡುನಡುವೆ ಗಟ್ಟಿ ಕಲ್ಲಿನ ಉಂಡೆ. ಪ್ಲೇಟಿಗೆ ತಪ್ಪಿದ ಗುಂಡು ಕಲ್ಲಿಗೆ ಬಡಿದು ಎತ್ತಲೋ ಹಾರುತ್ತದೆ. ಪ್ಲೇಟಿಗೆ ಇಷ್ಟೆಲ್ಲ ಲೆಕ್ಕ ಹಾಕಿ, ಹಿಂದೆ ಕಲ್ಲಿನ ಗೋಡೆ ಬಿಟ್ಟರೆ ಏನು ಬಂತು? ಧರೆಯ ಮುಂದೆ ಜರಡಿ ಹಿಡಿದ ಮಣ್ಣು ಅಥವಾ ಮರಳಿನ ದಿಬ್ಬ ಹಾಕಬೇಕು. ಪ್ರತಿ ಮಳೆಗಾಲ ಅದರ ಮೇಲ್ಮಣ್ಣು ತೊಳೆದು ಹೋಗಿ ಕಲ್ಲು ಎದ್ದು ಕಾಣುತ್ತದೆ. ಪ್ರತಿ ವರ್ಷ ಮತ್ತೆ ಮಣ್ಣು ಏರಿಸಬೇಕು. ಇದು ರೇಂಜ್ ನಡೆಸುವವರ ಕೆಲಸ, ಸರಿ. ಆದರೆ ಹೊಡೆಯುವವರೂ ಹೋದ ದಿನ ಒಮ್ಮೆ ಕಣ್ಣು ಹಾಯಿಸಬೇಕು.

ದೂರ ಎಷ್ಟು? ರೈಫಲ್‌ಗೆ ಕನಿಷ್ಠ 100 ಗಜ, ಅಂದರೆ 91 ಮೀಟರ್. .22ಕ್ಕೆ 25 ಗಜ. ಎನ್‌ಸಿಸಿ ಹುಡುಗರು .22 ಹೊಡೆಯುವುದೂ ಅದೇ ದೂರದಲ್ಲಿ, ಕಾಗದದ ಮೇಲೆ. 100 ಗಜಕ್ಕೆ ಎರಡು ಕಾರಣ. ಚೂರು ಹಾರಿದರೂ ಅಷ್ಟು ದೂರ ಬರುವಷ್ಟರಲ್ಲಿ ಬಲ ಕಳೆದುಕೊಂಡಿರುತ್ತದೆ. ಇನ್ನೊಂದು, ಅಷ್ಟರಲ್ಲಿ ಗುಂಡಿನ ವೇಗವೂ ಇಳಿದು ಪ್ಲೇಟ್ ಉಳಿಯುತ್ತದೆ. ಎರಡನೇ ಕಾರಣವನ್ನು ಹೇಳಿದರೆ ಜನ ಬೇಗ ಒಪ್ಪುತ್ತಾರೆ, ಪ್ಲೇಟಿಗೆ ದುಡ್ಡು ಕೊಟ್ಟಿರುತ್ತಾರಲ್ಲ.

ಕನ್ನಡಕ ಎಲ್ಲರಿಗೂ. ಹೊಡೆಯುವವರಿಗೆ ಮಾತ್ರ ಅಲ್ಲ, ಹಿಂದೆ ಚಹಾ ಕುಡಿಯುತ್ತ ಕೂತವರಿಗೂ. ಓದುವ ಕನ್ನಡಕ ಲೆಕ್ಕಕ್ಕಿಲ್ಲ, ಪಾಲಿಕಾರ್ಬೊನೇಟ್ ಲೆನ್ಸಿನ, ಪಕ್ಕಕ್ಕೂ ಮರೆ ಇರುವ ಸುರಕ್ಷತಾ ಕನ್ನಡಕ ಬೇಕು. ಮತ್ತೊಂದು ಹೊಸ ಕಾಟ ಶುರುವಾಗಿದೆ. ರೀಲ್ಸ್. ಪ್ಲೇಟ್ ಓಲಾಡುವುದು ಚೆನ್ನಾಗಿ ಕಾಣಲಿ ಅಂತ ಮೊಬೈಲ್ ಹಿಡಿದು ಪ್ಲೇಟಿನ ಪಕ್ಕಕ್ಕೆ, ಸ್ವಲ್ಪ ದೂರದಲ್ಲಿ ನಿಲ್ಲುತ್ತಾರೆ. ಗುಂಡಿನ ದಾರಿಯಲ್ಲಿ ಇಲ್ಲವಲ್ಲ ಅನ್ನುವ ಧೈರ್ಯ. ಚೂರುಗಳು ಪ್ಲೇಟಿನ ಮುಖ ಸವರಿಕೊಂಡು ಪಕ್ಕಕ್ಕೆ ಹೋಗುತ್ತವೆ ಅಂತ ಈಗಷ್ಟೇ ಹೇಳಿದೆ. ಇಡೀ ರೇಂಜಿನಲ್ಲಿ ಅವರು ನಿಂತದ್ದೇ ಎಲ್ಲಕ್ಕಿಂತ ಕೆಟ್ಟ ಜಾಗ.

ಗುಂಡು ಯಾವುದು ಅನ್ನುವುದೂ ಮುಖ್ಯ. ಇಲ್ಲಿಯವರೆಗೆ ಹೇಳಿದ್ದೆಲ್ಲ ಸೀಸದ ತಿರುಳು, ತಾಮ್ರದ ಹೊದಿಕೆ ಇರುವ ಗುಂಡಿಗೆ. ಉಕ್ಕಿನ ತಿರುಳು ಇರುವ ಗುಂಡು ಪುಡಿಯಾಗುವುದಿಲ್ಲ. ಒಂದೋ ಪ್ಲೇಟ್ ಕೆಡಿಸುತ್ತದೆ, ಇಲ್ಲವೋ ಇಡಿಯಾಗಿ ಹಾರುತ್ತದೆ. ಬೇಸಿಗೆಯಲ್ಲಿ ಅದರ ಕಿಡಿಗೆ ಒಣಹುಲ್ಲು, ದರಕು ಹೊತ್ತಿಕೊಳ್ಳುವುದೂ ಇದೆ. ಪರೀಕ್ಷೆ ಸುಲಭ: ಅಯಸ್ಕಾಂತ ಹಿಡಿಯಿರಿ. ಗುಂಡಿನ ಮೂತಿಗೆ ಅಂಟಿದರೆ ಉಕ್ಕಿನ ಪ್ಲೇಟಿಗೆ ಅದು ಬೇಡ.

ತೋಟದ ಕೋವಿಯವರು ಕೇಳುತ್ತಿದ್ದಾರೆ, ನಮ್ಮ ಕತೆ ಏನು ಅಂತ. ಹನ್ನೆರಡು ಬೋರಿನ ಚರೆ ತೋಟಾ ಹೊಡೆದು ಉಕ್ಕಿನ ಮೇಲೆ ಕಲಿಯುವುದೇನೂ ಇಲ್ಲ. ಚರೆ ಹೇಗೆ ಹರಡುತ್ತದೆ ಅಂತ ನೋಡಬೇಕಾದರೆ ದೊಡ್ಡ ಕಾಗದ ಹಾಳೆಯೇ ಸರಿ. ಕೇಪಿನ ಕೋವಿಗೆ ಕಬ್ಬಿಣದ ಚೂರು ತುಂಬಿ ಉಕ್ಕಿಗೆ ಈಡು ಹೊಡೆಯುವ ಯೋಚನೆ ಯಾರಿಗಾದರೂ ಇದ್ದರೆ, ದಯವಿಟ್ಟು ಇಲ್ಲೇ ಬಿಟ್ಟು ಹೋಗಿ.

ಏರ್ ರೈಫಲ್ ಬೇರೆ ಜಾತಿ. 4.5 ಮಿ.ಮೀ. ಅಳತೆಯ, 20 ಜೂಲ್ ಒಳಗಿನ ಶಕ್ತಿಯದ್ದಕ್ಕೆ ಲೈಸೆನ್ಸ್ ಬೇಡವಾದ್ದರಿಂದ ಮನೆಮನೆಗೆ ಬಂದಿದೆ. ಸೀಸದ ಪೆಲೆಟ್‌ಗೆ ಗಟ್ಟಿ ಉಕ್ಕು ಬೇಕಾಗಿಲ್ಲ, 3 ಮಿ.ಮೀ. ಮೈಲ್ಡ್ ಸ್ಟೀಲ್ ಆರಾಮಾಗಿ ತಡೆಯುತ್ತದೆ, ಕುಳಿ ಬೀಳುವುದಿಲ್ಲ. ಆದರೆ ಇಲ್ಲಿ ತೊಂದರೆ ತಿರುಗುಮುರುಗು. ವೇಗ ಕಡಿಮೆ, ಹಾಗಾಗಿ ಪೆಲೆಟ್ ಪುಡಿಯಾಗದೆ ಇಡಿಯಾಗಿ ಪುಟಿದು ಬರಬಹುದು. ಪ್ಲೇಟನ್ನು ಚೆನ್ನಾಗಿ ಬಾಗಿಸಿ, ಕೆಳಗೆ ಮರಳಿನ ಪೆಟ್ಟಿಗೆ ಇಡಿ. ಉಕ್ಕಿನ ಸಣ್ಣ ಗೋಲಿ, ಅಂದರೆ ಬಿಬಿ ಗುಂಡು ಮಾತ್ರ ಯಾವ ಉಕ್ಕಿಗೂ ಹೊಡೆಯಬಾರದು.

ಇಷ್ಟೆಲ್ಲ ತಾಪತ್ರಯ ಯಾಕೆ, ಕಾಗದವೇ ಸಾಕಲ್ವಾ ಅನ್ನಬಹುದು. ಒಲಿಂಪಿಕ್ಸಿನ 50 ಮೀಟರ್ ರೈಫಲ್‌ನಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿ.ಮೀ. 2024ರಲ್ಲಿ ಪ್ಯಾರಿಸ್‌ನಲ್ಲಿ ಕಂಚು ಗೆದ್ದ ಕೊಲ್ಹಾಪುರ ಕಡೆಯ ಸ್ವಪ್ನಿಲ್ ಕುಸಾಳೆ ಹೊಡೆದದ್ದು ಅಂಥದ್ದಕ್ಕೆ. ಆ ಸೂಕ್ಷ್ಮ ಉಕ್ಕಿನಲ್ಲಿ ಬರುವುದಿಲ್ಲ. ಹೊಸಬರು ಕಾಗದದ ಮೇಲೆ ಕಲಿತು, ರೈಫಲ್ ಮೇಲೆ ಗುರಿ ನೋಡುವ ಸೈಟ್ ಸರಿ ಮಾಡಿಕೊಂಡು, ಆಮೇಲೆ ಉಕ್ಕಿಗೆ ಬರಬೇಕು, ಇಲ್ಲದಿದ್ದರೆ ಬರೀ ಅಂಚಿಗೂ ಕಂಬಕ್ಕೂ ಹೊಡೆಯುತ್ತಾರೆ. ಆದರೆ ಉಕ್ಕಿನ ಸುಖ ಬೇರೆ. 300 ಮೀಟರ್ ಆಚೆ ಪ್ಲೇಟಿಗೆ ತಾಗಿದ್ದು ನಿಮ್ಮ ಕಿವಿಗೆ ಬರಲು ಸುಮಾರು ಒಂದು ಸೆಕೆಂಡು ಬೇಕು. ಆ ಒಂದು ಸೆಕೆಂಡು ಉಸಿರು ಹಿಡಿದು ಕಾಯುತ್ತೇವಲ್ಲ, ಕಾಗದದಲ್ಲಿ ಅದು ಇಲ್ಲ. ಮೆಕ್ಸಿಕೋದಲ್ಲಿ ಹುಟ್ಟಿದ ಸಿಲೂಯೆಟ್ ಅನ್ನುವ ಆಟದಲ್ಲಿ ಪ್ರಾಣಿಗಳ ಆಕಾರದ ಉಕ್ಕಿನ ಪ್ಲೇಟ್ ನಿಲ್ಲಿಸುತ್ತಾರೆ. ಕೋಳಿ 200 ಮೀಟರಿಗೆ, ಹಂದಿ 300ಕ್ಕೆ, ಟರ್ಕಿ ಕೋಳಿ 385ಕ್ಕೆ, ಟಗರು 500ಕ್ಕೆ. ತಾಗಿದರೆ ಸಾಲದು, ಉರುಳಿ ಬೀಳಬೇಕು. 300 ಮೀಟರಿನಲ್ಲಿ ನಿಂತುಕೊಂಡು ಹಂದಿ ಹೊಡೆಯುವ ಆಟ ಅಂದರೆ ಇಲ್ಲಿ ಎಷ್ಟು ಜನ ಕೈ ಎತ್ತುತ್ತೀರಿ ಅಂತ ನನಗೆ ಗೊತ್ತು. ಹಿಮದ ಮೇಲೆ ಆಡುವ ಬಯಾತ್ಲಾನ್‌ನಲ್ಲೂ 50 ಮೀಟರ್ ದೂರದಲ್ಲಿ ಬೀಳುವ ಗುರಿಗಳೇ. ಮಲಗಿ ಹೊಡೆಯುವಾಗ 45 ಮಿ.ಮೀ., ನಿಂತು ಹೊಡೆಯುವಾಗ 115 ಮಿ.ಮೀ.

ಇನ್ನು ಸೀಸ. ಪ್ಲೇಟ್ ಬಾಗಿಸಿದ್ದರಿಂದ ಹೆಚ್ಚಿನ ಚೂರು ಅದರ ಕೆಳಗೇ ಬೀಳುತ್ತದೆ. ಇದು ಅನುಕೂಲ, ಬಳಸಿಕೊಳ್ಳಿ. ಅಲ್ಲಿ ಮರಳು ಹಾಸಿ, ಆಗಾಗ ಜರಡಿ ಹಿಡಿದು ಸೀಸ ತೆಗೆಯಿರಿ. ನಮ್ಮ ಕೆಂಪು ಮಣ್ಣು ಹುಳಿ ಮಣ್ಣು, ಮೇಲೆ ಈ ಮಳೆ. ಸೀಸ ಕರಗಿ ಇಳಿಯಲು ಇಂಥ ಜಾಗವೇ ಅದಕ್ಕೆ ಬೇಕಾದದ್ದು. ಹಳ್ಳದ ಬದಿ, ಬಾವಿಯ ಮೇಲ್ಬದಿ ರೇಂಜ್ ಬೇಡ. ಮುಗಿಸಿದ ಮೇಲೆ ಕೈ ಮುಖ ತೊಳೆಯದೆ ಕವಳ (ಎಲೆ ಅಡಿಕೆ) ಹಾಕಬೇಡಿ. ನಗಬೇಡಿ, ಸೀಸದ ಪುಡಿ ಹೊಟ್ಟೆಗೆ ಹೋಗುವ ಸುಲಭ ದಾರಿ ಅದು.

ಪ್ಲೇಟ್ ಎಷ್ಟು ದಿನ ಬರುತ್ತದೆ ಅಂತ ಹಿಂದಿನ ಸಾಲಿನಿಂದ ಚೀಟಿ ಬಂದಿದೆ. ಸರಿಯಾದ ಗುಂಡು, ಸರಿಯಾದ ದೂರ ಇದ್ದರೆ ಸಾವಿರಾರು ಗುಂಡು ತಿಂದರೂ ಏನೂ ಆಗುವುದಿಲ್ಲ. ತಪ್ಪಾದರೆ ಒಂದೇ ದಿನ ಸಾಕು. ಪ್ರತಿ ಸಲ ಶುರು ಮಾಡುವ ಮೊದಲು ಹಳೆ ಬಣ್ಣ ಕೆರೆದು, ಕೈಗವಸು ಹಾಕಿ ಮುಖದ ಮೇಲೆ ಬೆರಳು ಆಡಿಸಿ. ಬರೀ ಬೂದು ಬಣ್ಣದ ಮಸಿ ಹೂವು ಇದ್ದರೆ ಅದು ಸೀಸ ಹರಡಿದ ಗುರುತು, ಚಿಂತೆ ಇಲ್ಲ. ಬೆರಳು ಕುಳಿಗೆ ಇಳಿದರೆ, ಅಂಚು ತಡೆದರೆ, ಸೀಳು ಕಂಡರೆ, ಪ್ಲೇಟ್ ಇಳಿಸಿ. ಬಾಗಿದ್ದರೆ ಹೊಂಡದ ಬದಿ ನಿಮ್ಮ ಕಡೆ ಇರಬಾರದು. ಕುಳಿಗೆ ವೆಲ್ಡ್ ತುಂಬಿ ಗ್ರೈಂಡ್ ಮಾಡಿದರೆ ಹೇಗೆ ಅನ್ನುವ ಪ್ರಶ್ನೆಗೆ ಉತ್ತರ ಆಗಲೇ ಕೊಟ್ಟಿದ್ದೇನೆ. ರೈಫಲ್‌ನಿಂದ ಇಳಿಸಿದ ಪ್ಲೇಟನ್ನು .22 ಹೊಡೆಯುವ ಹುಡುಗರಿಗೆ ಕೊಡುವುದೂ ಬೇಡ, ಕುಳಿ ಕುಳಿಯೇ, ಅವರು ಹತ್ತಿರ ಬೇರೆ ನಿಂತಿರುತ್ತಾರೆ. ಗುಜರಿಗೆ ಹಾಕುವ ಮೊದಲು ಗ್ಯಾಸ್ ಕಟ್ಟರಿನಲ್ಲಿ ನಡುವೆ ಸೀಳಿ ಎರಡು ಮಾಡಿ. ಇಲ್ಲದಿದ್ದರೆ ಅದೇ ಪ್ಲೇಟ್ ಗುಜರಿಯಿಂದ ಇನ್ನೊಬ್ಬರ ಕೈಗೆ ಹೋಗಿ, "ಇದು ಎಆರ್500 ಅಂತೆ, ತೂತು ಹೊಡೆದು ಕೊಡಿ" ಅಂತ ನನ್ನ ವರ್ಕ್‌ಶಾಪಿಗೇ ಬರುತ್ತದೆ. ಬಂದದ್ದೂ ಇದೆ.